ನಾಬೋತ ಅಂದದ್ದು ಒಂದು, ಅಹಾಬ ಹೇಳಿದ್ದು ಇನ್ನೊಂದು

(‘ನಹಲಾ’ ಎಂಬ ಹೀಬ್ರೂ ಪದದ ಬಗ್ಗೆ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಹಿಂದುಮುಂದಾದ ಕಡೆ ಸ್ವಲ್ಪ ಸರಿಮಾಡಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕವನಿದ್ದಾಗ ಮಾಡಿಕೊಂಡ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

ಚರ್ಚಿನಲ್ಲಿ ಹಳೆಯ ಸತ್ಯವೇದ, ಅಂದರೆ ಕನ್ನಡ ಬೈಬಲ್, ಓದುವಾಗ ‘ಸ್ವಾಸ್ತ್ಯ’ ಅನ್ನುವ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಲೇವಿಯರಿಗೆ (ದೇವರ ಸೇವೆಗೆ ಮೀಸಲಾದ ಕುಲ) ಸ್ವಾಸ್ತ್ಯವಿಲ್ಲ, ದೇವರೇ ಅವರ ಸ್ವಾಸ್ತ್ಯ, ಹೀಗೆ. ನನಗೆ ಗೊತ್ತಿದ್ದದ್ದು ಆಸ್ಪತ್ರೆ ಗೋಡೆ ಮೇಲೆ ಬರೆದಿರುವ ‘ಸ್ವಾಸ್ಥ್ಯ’. ಪಾಪ, ಈ ಲೇವಿಯರಿಗೆ ಮೈಯಲ್ಲಿ ಹುಷಾರಿಲ್ಲ, ದೇವರೇ ಔಷಧಿ ಕೊಡ್ತಾನೆ ಅಂತ ತಿಳಿದಿದ್ದೆ. ಒಂದು ದಿನ ಅಜ್ಜಿಯ ಹತ್ತಿರ ಕೇಳಿದೆ. ಅಜ್ಜಿ ನಕ್ಕುಬಿಟ್ಟಳು. “ಅದು ಮೈ ಆರಾಮ ಇರೋದಲ್ಲೋ ತಮ್ಮಾ. ಹೊಲ-ಮನಿ ಪಾಲು” ಅಂದಳು.

ಅಜ್ಜಿ ಹೇಳಿದ್ದು ಸರಿ. ಆದರೆ ಪೂರ್ತಿ ಸರಿಯಾ? ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ನಮ್ಮ ಸತ್ಯವೇದದಲ್ಲಿ ಸ್ವಾಸ್ತ್ಯ, ಬಾಧ್ಯತೆ, ಸೊತ್ತು, ಪಾಲು ಅಂತೆಲ್ಲ ಬರುವ ಜಾಗಗಳಲ್ಲಿ ಮೂಲ ಹೀಬ್ರೂವಿನಲ್ಲಿ ತುಂಬಾ ಸಲ ಇರುವುದು ಒಂದೇ ಪದ: ನಹಲಾ. ಆ ‘ಹ’ವನ್ನು ಗಂಟಲಿನ ತಳದಿಂದ, ಸ್ವಲ್ಪ ಕೆರೆದಂತೆ ಹೇಳಬೇಕು. ಒತ್ತು ಕೊನೆಯ ‘ಲಾ’ ಮೇಲೆ. ಹೀಬ್ರೂ ಬೈಬಲ್ಲಿನಲ್ಲಿ ಇದು 220ಕ್ಕೂ ಹೆಚ್ಚು ಸಲ ಬರುತ್ತದೆ. ಅದರಲ್ಲಿ ಜಾಸ್ತಿ ಪಾಲು ಅರಣ್ಯಕಾಂಡ ಮತ್ತು ಯೆಹೋಶುವನ ಪುಸ್ತಕದಲ್ಲಿ. ಅಂದರೆ ಕಾನಾನ್ ದೇಶವನ್ನು ಇಸ್ರಾಯೇಲರ ಕುಲಗಳಿಗೆ ಹಂಚುವ ಕಡೆ.

ಕನ್ನಡದಲ್ಲಿ ‘ಪಿತ್ರಾರ್ಜಿತ’ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಏನು? ಯಾರೋ ಗಳಿಸಿದರು, ಯಾರೋ ಸತ್ತರು, ಉಳಿದವರಿಗೆ ಬಂತು. ಪದದಲ್ಲೇ ‘ಆರ್ಜಿತ’ ಇದೆ, ಗಳಿಕೆ ಇದೆ. ನಹಲಾದಲ್ಲಿ ಗಳಿಕೆಯ ಸುದ್ದಿಯೇ ಇಲ್ಲ. ಯಾರೂ ಸಾಯಲೇಬೇಕು ಅಂತಲೂ ಇಲ್ಲ. ಯೂಫ್ರೆಟಿಸ್ ನದಿ ದಡದ ಮಾರಿ ಅನ್ನುವ ಪಟ್ಟಣದಲ್ಲಿ ಸುಮಾರು 3,800 ವರ್ಷ ಹಳೆಯ ಮಣ್ಣಿನ ಹಲಗೆಗಳು ಸಿಕ್ಕಿವೆ. ಅಲ್ಲಿ ಇದೇ ಮೂಲದ ಕ್ರಿಯಾಪದವೊಂದು ಇದೆ. ಸೊತ್ತನ್ನು ಒಬ್ಬರಿಗೆ ವಹಿಸಿಕೊಡುವುದು ಅಂತ ಅದರ ಅರ್ಥ. ಅರಬ್ಬಿಯಲ್ಲಿ ‘ನಿಹ್ಲಾ’ ಅಂದರೆ ಮನಸಾರೆ ಕೊಟ್ಟದ್ದು. ಕುರ್‌ಆನಿನಲ್ಲಿ ಹೆಂಡತಿಗೆ ಮಹರ್ ಕೊಡುವ ಮಾತು ಬರುವಲ್ಲಿ ಈ ಪದ ಇದೆ. ಸಿರಿಯಾ ಕರಾವಳಿಯ ಉಗಾರಿತ್‌ನ ಕಾವ್ಯದಲ್ಲಿ ಬಾಳ ದೇವರು ತನ್ನ ಬೆಟ್ಟವನ್ನು ‘ನನ್ನ ನಹಲತ್ತಿನ ಬೆಟ್ಟ’ ಅಂತ ಕರೆಯುತ್ತಾನೆ. ವಿಮೋಚನಕಾಂಡದ 15ನೇ ಅಧ್ಯಾಯದ ಹಾಡಿನಲ್ಲಿ ಇಸ್ರಾಯೇಲರು ತಮ್ಮ ದೇವರ ಬೆಟ್ಟಕ್ಕೂ ಹೆಚ್ಚುಕಡಿಮೆ ಇದೇ ಮಾತು ಬಳಸುತ್ತಾರೆ. ದೇವರುಗಳಿಗೂ ನಹಲಾ ಇರುತ್ತಿತ್ತು. ದೇವರು ಯಾರ ಸಾವಿಗೆ ಕಾಯಬೇಕು ಹೇಳಿ?

ಆದ್ದರಿಂದ ನಹಲಾ ಅಂದರೆ ಮೊದಲಿಗೆ ಒಬ್ಬರ ಪಾಲಿಗೆ ಬಿದ್ದ ಜಾಗ.

‘ಬಿದ್ದ’ ಅನ್ನುವುದನ್ನು ಸುಮ್ನೆ ಹೇಳಲಿಲ್ಲ. ಹೀಬ್ರೂವಿನಲ್ಲೂ ಅದು ‘ಬೀಳುತ್ತದೆ’. ದೇಶ ಹಂಚಿದ್ದು ಚೀಟಿ ಹಾಕಿ. ಆ ಚೀಟಿಗೆ ‘ಗೋರಲ್’ ಅಂತ ಹೆಸರು. ಗೋರಲ್ ಬೀಳುತ್ತದೆ, ಆಮೇಲೆ ಅಳತೆಯ ಹಗ್ಗ ಬೀಳುತ್ತದೆ. ಹಗ್ಗಕ್ಕೆ ‘ಹೆವೆಲ್’ ಅನ್ನುತ್ತಾರೆ. ಕ್ರಮೇಣ ಹಗ್ಗದ ಹೆಸರೇ ಜಮೀನಿನ ಹೆಸರಾಯಿತು. 16ನೇ ಕೀರ್ತನೆಯ ಕವಿ ಹೇಳುತ್ತಾನೆ, ನನಗೆ ಹಗ್ಗಗಳು ಚೆಂದದ ಜಾಗದಲ್ಲಿ ಬಿದ್ದಿವೆ, ನನ್ನ ನಹಲಾ ನನಗೆ ಒಪ್ಪಿಗೆಯಾಗಿದೆ ಅಂತ.

ಈ ಸಾಲು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಮನೆಯಲ್ಲಿ ಹೊಲ ಪಾಲಾಗುವಾಗ ನಾನು ಹುಡುಗ. ಸರ್ವೆ ಮಾಡುವವರು 33 ಅಡಿ ಸರಪಳಿ ತಂದಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು “ಅಲ್ಲಾಡಬ್ಯಾಡ” ಅಂದರು. ಸರಪಳಿ ಬಿಗಿಯಾಗಿ ಮೇಲಕ್ಕೆದ್ದು ಜಲ್ಲೆಂದು ನೆಲಕ್ಕೆ ಬಿತ್ತು. ಅದು ಬಿದ್ದದ್ದು ಬೇವಿನ ಮರದ ಈಚೆ. ಮರ ಚಿಕ್ಕಪ್ಪನ ಪಾಲಿಗೆ ಹೋಯಿತು. ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ರಾತ್ರಿ ಊಟ ಮಾಡಲಿಲ್ಲ. ಹಗ್ಗ ಬೀಳುವುದು ಅಂದರೆ ಏನು ಅಂತ ಹೊಲ ಪಾಲಾದ ಮನೆಯವರಿಗೆ ವಿವರಿಸಬೇಕಾಗಿಲ್ಲ, ಅಲ್ವಾ?

ಈಗ ಪದದ ಜೀವ ಇರುವ ಕತೆಗೆ ಬರೋಣ. 1 ಅರಸುಗಳು, 21ನೇ ಅಧ್ಯಾಯ. ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಕತೆಯೇ. ಆದರೆ ನಿಧಾನವಾಗಿ ಓದೋಣ.

ಕ್ರಿಸ್ತಪೂರ್ವ 9ನೇ ಶತಮಾನ. ಅಹಾಬ ಇಸ್ರಾಯೇಲರ ಉತ್ತರ ರಾಜ್ಯದ ಅರಸ. ರಾಜಧಾನಿ ಸಮಾರ್ಯ. ಇಜ್ರೇಲ್ ಅನ್ನುವ ಊರಿನಲ್ಲೂ ಅವನಿಗೊಂದು ಅರಮನೆ. ಅದರ ಪಕ್ಕದಲ್ಲೇ ನಾಬೋತನ ದ್ರಾಕ್ಷಿತೋಟ. ಇಜ್ರೇಲಿನಲ್ಲಿ ಬಂಡೆ ಕೊರೆದು ಮಾಡಿದ, ದ್ರಾಕ್ಷಿ ತುಳಿದು ರಸ ತೆಗೆಯುವ ಹಳೆಯ ತೊಟ್ಟಿ ಸಿಕ್ಕಿದೆ. ಅಂದರೆ ಅದು ದ್ರಾಕ್ಷಿ ಸೀಮೆಯೇ ಹೌದು.

ಅಹಾಬ ಕೇಳುವುದು ಮರ್ಯಾದೆಯಿಂದಲೇ. ನಿನ್ನ ತೋಟ ಕೊಡು, ನಾನು ಕಾಯಿಪಲ್ಲೆ ತೋಟ ಮಾಡಿಕೊಳ್ಳುತ್ತೇನೆ. ಬದಲಿಗೆ ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ. ಬೇಡವಾದರೆ ಬೆಲೆ ಎಷ್ಟೋ ಅಷ್ಟು ಬೆಳ್ಳಿ ಕೊಡುತ್ತೇನೆ. ಇದರಲ್ಲಿ ಮೋಸ ಇಲ್ಲ. ಇವತ್ತು ಯಾರಾದರೂ ಈ ದರಕ್ಕೆ ಕೇಳಿದರೆ ನಮ್ಮ ಊರಿನಲ್ಲಿ ಅರ್ಧ ಜನ ಕೊಟ್ಟುಬಿಡುತ್ತಾರೆ.

ಅಹಾಬನಿಗೆ ಈ ವ್ಯವಹಾರ ಸಹಜವಾಗಿ ಕಂಡದ್ದಕ್ಕೆ ಒಂದು ಕಾರಣವಿದೆ. ಅವನಪ್ಪ ಒಮ್ರಿ ಸಮಾರ್ಯದ ಗುಡ್ಡವನ್ನು ಶೆಮೆರ್ ಅನ್ನುವವನಿಂದ ಎರಡು ತಲಾಂತು ಬೆಳ್ಳಿಗೆ ಕೊಂಡುಕೊಂಡಿದ್ದ. ಅದರ ಮೇಲೆ ಊರು ಕಟ್ಟಿದ. ಆ ಮನೆತನಕ್ಕೆ ನೆಲ ಅಂದರೆ ಕೊಳ್ಳುವ ವಸ್ತು.

ಇನ್ನೊಂದು ಚಿಕ್ಕ ವಿಷಯ. ‘ಕಾಯಿಪಲ್ಲೆ ತೋಟ’ ಅನ್ನುವುದಕ್ಕೆ ಹೀಬ್ರೂವಿನಲ್ಲಿ ‘ಗನ್ ಯಾರಾಕ್’. ಈ ಮಾತು ಧರ್ಮೋಪದೇಶಕಾಂಡದ 11ನೇ ಅಧ್ಯಾಯದಲ್ಲೂ ಬರುತ್ತದೆ. ನೀವು ಹೋಗುವ ನಾಡು ಐಗುಪ್ತದ ಹಾಗಲ್ಲ, ಅಲ್ಲಿ ಬೀಜ ಬಿತ್ತಿ ಕಾಯಿಪಲ್ಲೆ ತೋಟದ ಹಾಗೆ ಕಾಲಿಂದ ನೀರು ಹಾಯಿಸುತ್ತಿದ್ದಿರಿ ಅಂತ. ದ್ರಾಕ್ಷಿ ಬಳ್ಳಿ ಕಿತ್ತು ಗನ್ ಯಾರಾಕ್ ಮಾಡುವುದು ಅಂದರೆ ಬಿಟ್ಟು ಬಂದ ಫರೋಹನ ದೇಶವನ್ನು ಮನೆ ಹಿತ್ತಲಿಗೆ ತಂದ ಹಾಗೆ. ಕತೆ ಬರೆದವನು ಇದನ್ನು ಬೇಕಂತಲೇ ಇಟ್ಟಿದ್ದಾನೆ ಅಂತ ನನ್ನ ನಂಬಿಕೆ.

ನಾಬೋತನ ಉತ್ತರ ಒಂದೇ ವಾಕ್ಯ. ದೇವರಾಣೆ, ನನ್ನ ಹಿರಿಯರ ನಹಲಾವನ್ನು ನಿನಗೆ ಕೊಡುವುದಿಲ್ಲ.

ಗಮನಿಸಿ, ಅರಸ ಕೇಳಿದ್ದು ‘ನಿನ್ನ ತೋಟ’. ನಾಬೋತ ‘ನನ್ನ ತೋಟ’ ಅನ್ನುವುದಿಲ್ಲ. ‘ಕೊಡಲು ಇಷ್ಟವಿಲ್ಲ’ ಅನ್ನುವುದಿಲ್ಲ, ‘ಬೆಲೆ ಕಮ್ಮಿಯಾಯ್ತು’ ಅನ್ನುವುದಿಲ್ಲ. ಅವನ ಮಾತಿನಲ್ಲಿ ತೋಟ ಅನ್ನುವ ಪದವೇ ಇಲ್ಲ. ಇರುವುದು ನಹಲಾ. ಅದರ ಹಿಂದೆ ಹಿರಿಯರಿದ್ದಾರೆ, ಅವರ ಹಿಂದೆ ದೇವರಿದ್ದಾನೆ. ನಡುವೆ ತಾನೊಬ್ಬ. ಮಾರುವ ಅಧಿಕಾರ ತನಗಿದೆ ಅಂತ ಅವನು ಅಂದುಕೊಂಡೇ ಇಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ದೇವರು ಹೇಳುವ ಮಾತು ಅವನ ಬೆನ್ನಿಗಿದೆ: ನೆಲವನ್ನು ಶಾಶ್ವತವಾಗಿ ಮಾರಬಾರದು, ನೆಲ ನನ್ನದು, ನೀವು ನನ್ನಲ್ಲಿ ಬಂದಿಳಿದ ಪರದೇಶಿಗಳು.

ಅಹಾಬ ಮನೆಗೆ ಹೋಗಿ ಮುಖ ಊದಿಸಿಕೊಂಡು ಆಚೆ ತಿರುಗಿ ಮಲಗುತ್ತಾನೆ. ಊಟ ಬೇಡ ಅನ್ನುತ್ತಾನೆ. ಹೆಂಡತಿ ಈಜೆಬೆಲ ಬಂದು ಏನಾಯಿತು ಅಂತ ಕೇಳುತ್ತಾಳೆ. ಆಗ ಅವನು ನಡೆದದ್ದನ್ನು ಹೇಳುತ್ತಾನೆ. ಇಲ್ಲಿ ಬೆರಳಿಟ್ಟು ಓದಿ. ನಾಲ್ಕನೇ ವಚನದಲ್ಲಿ ಕತೆಗಾರ ನಾಬೋತನ ಮಾತನ್ನು ಹೆಚ್ಚುಕಡಿಮೆ ಇದ್ದ ಹಾಗೇ ಇನ್ನೊಮ್ಮೆ ಹೇಳಿದ್ದಾನೆ, ‘ನನ್ನ ಹಿರಿಯರ ನಹಲಾ’ ಅಂತಲೇ. ಆರನೇ ವಚನದಲ್ಲಿ ಅಹಾಬ ಹೆಂಡತಿಗೆ ಹೇಳುವಾಗ ಅದು ಹೀಗಾಗುತ್ತದೆ: “ನನ್ನ ತೋಟ ನಿನಗೆ ಕೊಡುವುದಿಲ್ಲ ಅಂದ.”

ದೇವರಾಣೆ ಮಾಯ. ಹಿರಿಯರು ಮಾಯ. ನಹಲಾ ಮಾಯ. ಉಳಿದದ್ದು ತೋಟ ಮತ್ತು ಒಬ್ಬ ಮೊಂಡ. ಅಹಾಬ ಬೇಕಂತ ಸುಳ್ಳು ಹೇಳಿದನಾ? ನನಗೆ ಹಾಗೆ ಅನ್ನಿಸುವುದಿಲ್ಲ. ಅವನಿಗೆ ಕೇಳಿಸಿದ್ದೇ ಅಷ್ಟು. ನಾನು ಹೀಬ್ರೂ ಕಲಿಯುವಾಗ ಈ ಎರಡು ವಚನಗಳನ್ನು ಒಂದರ ಕೆಳಗೊಂದು ಬರೆದು ನೋಡಿದ ದಿನ ಇನ್ನೂ ನೆನಪಿದೆ. ಅಲ್ಲಿಯವರೆಗೆ ಈ ಪದಕ್ಕೆ ‘ಆಸ್ತಿ’ ಅಂತ ಟಿಪ್ಪಣಿ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಅಂದರೆ ನಾನೂ ಅಹಾಬನ ಅನುವಾದವನ್ನೇ ಮಾಡುತ್ತಿದ್ದೆ.

ಮುಂದಿನದು ನಿಮಗೆ ಗೊತ್ತು. ಈಜೆಬೆಲ ಕಳಿಸಿದ, ಅರಸನ ಮುದ್ರೆ ಒತ್ತಿದ ಕಾಗದ, ನಾಬೋತನ ಮೇಲೆ ಇಬ್ಬರು ಸುಳ್ಳು ಸಾಕ್ಷಿಗಳು, ಕಲ್ಲೇಟಿಗೆ ನಾಬೋತನ ಸಾವು. ಈಜೆಬೆಲ ಗಂಡನಿಗೆ ಹೇಳುವ ಮಾತಿನಲ್ಲಿ ಹೊಸ ಪದ ಬರುತ್ತದೆ. “ಏಳು, ತೋಟವನ್ನು ಯಾರಶ್ ಮಾಡಿಕೋ.” ಯಾರಶ್ ಅಂದರೆ ವಶಪಡಿಸಿಕೊಳ್ಳುವುದು. ಅಹಾಬ ಯಾರಶ್ ಮಾಡಲು ಇಳಿದು ಹೋಗುತ್ತಾನೆ. ಅಲ್ಲಿ ಪ್ರವಾದಿ ಎಲೀಯ ಎದುರಾಗಿ ಅದೇ ಪದವನ್ನು ಅವನ ಮುಖಕ್ಕೆ ಎಸೆಯುತ್ತಾನೆ: ಕೊಂದೆಯಾ, ಮೇಲೆ ಯಾರಶ್ ಬೇರೆ ಮಾಡಿದೆಯಾ? ಎರಡನೇ ಅರಸುಗಳ 9ನೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಹೊರಬೀಳುತ್ತದೆ. ನಾಬೋತನ ಜೊತೆ ಅವನ ಮಕ್ಕಳ ರಕ್ತವೂ ಬಿದ್ದಿತ್ತು. ಯಾಕೆ ಅಂತ ಈಗ ಅರ್ಥವಾಗುತ್ತದೆ. ನಹಲಾ ಒಬ್ಬನನ್ನು ಕೊಂದರೆ ಖಾಲಿಯಾಗುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು: “ಹಂಗಾದ್ರ ಸರ್, ಇಸ್ರಾಯೇಲರು ಕಾನಾನ್ಯರ ನೆಲ ತಗೊಂಡದ್ದು ಯಾವ ಪದ?” ಒಳ್ಳೆಯ ಪ್ರಶ್ನೆ. ತಪ್ಪಿಸಿಕೊಳ್ಳಬಾರದು. ಅದಕ್ಕೂ ಯಾರಶ್ ಪದವೇ ಬರುತ್ತದೆ. ಈ ಕ್ರಿಯಾಪದದ ಇನ್ನೊಂದು ರೂಪಕ್ಕೆ ಓಡಿಸಿಬಿಡುವುದು ಅಂತಲೇ ಅರ್ಥ. ಒಬ್ಬರ ನಹಲಾ ಅನ್ನುವುದರ ಅಡಿಯಲ್ಲಿ ಇನ್ನೊಬ್ಬರ ಒಲೆಯ ಬೂದಿ ಇರುತ್ತದೆ. ಅದನ್ನು ಬೈಬಲ್ ಮುಚ್ಚಿಡುವುದಿಲ್ಲ. ನೀವು ಕಟ್ಟದ ಊರು, ನೀವು ನೆಡದ ದ್ರಾಕ್ಷಿ ಅಂತ ಬಾಯಿಬಿಟ್ಟೇ ಹೇಳುತ್ತದೆ. ಅದೇ ಬೈಬಲ್ ಧರ್ಮೋಪದೇಶಕಾಂಡದ 2ನೇ ಅಧ್ಯಾಯದಲ್ಲಿ ಎದೋಮ್ಯರ, ಮೋವಾಬ್ಯರ, ಅಮ್ಮೋನ್ಯರ ನೆಲದ ತಂಟೆಗೆ ಹೋಗಬೇಡಿ, ಅದನ್ನು ಅವರಿಗೆ ನಾನೇ ಕೊಟ್ಟಿದ್ದೇನೆ, ಒಂದು ಹೆಜ್ಜೆ ಜಾಗವನ್ನೂ ನಿಮಗೆ ಕೊಡುವುದಿಲ್ಲ ಅಂತಲೂ ಹೇಳುತ್ತದೆ. ಈ ಅಧ್ಯಾಯವನ್ನು ನಾವು ಚರ್ಚಿನ ಪ್ರಸಂಗದಲ್ಲಿ ಕೇಳುವುದು ಕಮ್ಮಿ. ಇವತ್ತು ಆ ನಾಡಿನಲ್ಲಿ ನೆಲದ ಜಗಳಕ್ಕೆ ಈ ಪದಗಳನ್ನು ಎಳೆದು ತರುವವರು ಇದನ್ನೂ ಸೇರಿಸಿ ಓದಿದರೆ ಒಳ್ಳೆಯದಿತ್ತು.

ಇನ್ನೊಬ್ಬರು ಕೇಳಿದರು: ಬಡವನಿಗೆ ಕಷ್ಟ ಬಂದರೆ ಮಾರಲೇಬಾರದಾ? ಮಾರಬಹುದು. ಆದರೆ ಮಾರುವುದು ನೆಲವನ್ನಲ್ಲ, ಬೆಳೆಗಳನ್ನು. 50ನೇ ವರ್ಷಕ್ಕೆ ಯೋವೇಲ್ ಅನ್ನುವ ಬಿಡುಗಡೆಯ ವರ್ಷ ಬರುತ್ತದೆ. ಆಗ ನೆಲ ಮೂಲ ಮನೆತನಕ್ಕೆ ವಾಪಸ್. ಹಾಗಾಗಿ ಆ ವರ್ಷಕ್ಕೆ ಇನ್ನೆಷ್ಟು ಸುಗ್ಗಿ ಉಳಿದಿದೆ ಅಂತ ಎಣಿಸಿ ಬೆಲೆ ಕಟ್ಟಬೇಕು. ಸುಗ್ಗಿ ಜಾಸ್ತಿ ಇದ್ದರೆ ಬೆಲೆ ಜಾಸ್ತಿ, ಕಮ್ಮಿ ಇದ್ದರೆ ಕಮ್ಮಿ. ನಮ್ಮ ಕಡೆಯ ಲಾವಣಿ, ಅಂದರೆ ಹೊಲ ಗುತ್ತಿಗೆ ಕೊಡುವ ಲೆಕ್ಕವೇ ಹೆಚ್ಚುಕಡಿಮೆ. ಕೋಟೆಯೊಳಗಿನ ಪೇಟೆ ಮನೆಗೆ ಈ ನಿಯಮ ಇಲ್ಲ. ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನದೇ. ಕಾನೂನು ಬರೆದವರ ತಲೆಯಲ್ಲಿದ್ದದ್ದು ಅನ್ನ ಬೆಳೆಯುವ ಹೊಲ. ಯೋವೇಲ್ ವರ್ಷ ನಿಜವಾಗಿ ಆಚರಿಸಿದ ಕತೆ ಬೈಬಲ್ಲಿನಲ್ಲಿ ಒಂದೂ ಇಲ್ಲ. ಮುರಿದವರ ಕತೆ ಬೇಕಾದಷ್ಟಿದೆ. ಹೊಲದ ಮೇಲೆ ಕಣ್ಣು ಹಾಕಿ ಕಿತ್ತುಕೊಳ್ಳುವವರನ್ನು ಪ್ರವಾದಿ ಮೀಕ ಬಯ್ಯುತ್ತಾನೆ. ಆ ಬೈಗುಳದಲ್ಲಿ ಮನುಷ್ಯ ಮತ್ತು ಅವನ ನಹಲಾ ಒಂದೇ ಉಸಿರಿನಲ್ಲಿ ಬರುತ್ತವೆ.

ಇಪ್ಪತ್ತನೇ ಶತಮಾನದಲ್ಲಿ ಈ ಲೆಕ್ಕ ಇನ್ನೊಂದು ವೇಷದಲ್ಲಿ ಬಂತು. ಯಹೂದ್ಯರಿಗಾಗಿ ನೆಲ ಕೊಳ್ಳಲು 1901ರಲ್ಲಿ ಶುರುವಾದ ನಿಧಿ ತಾನು ಕೊಂಡ ನೆಲವನ್ನು ಮಾರದೆ 49 ವರ್ಷದ ಗುತ್ತಿಗೆಗೆ ಕೊಡುವ ಪದ್ಧತಿ ಇಟ್ಟುಕೊಂಡಿತು. ಇವತ್ತಿಗೂ ಇಸ್ರೇಲಿನ ಸಹಕಾರಿ ಹಳ್ಳಿಗಳಲ್ಲಿ ರೈತನ ತುಂಡಿಗೆ ನಹಲಾ ಅಂತಲೇ ಹೆಸರು.

ಲೇವಿಯರ ಮಾತು ಬಾಕಿ ಇದೆ. ಅವರಿಗೆ ಹೊಲ ಇಲ್ಲ. ವಾಸಕ್ಕೆ 48 ಊರು, ದನ ಮೇಯಲು ಸುತ್ತ ಸ್ವಲ್ಪ ಗೋಮಾಳ, ಅಷ್ಟೇ. ನಿನ್ನ ಪಾಲೂ ನಿನ್ನ ನಹಲಾವೂ ನಾನೇ ಅಂತ ದೇವರು ಅವರ ಮಹಾಯಾಜಕ ಆರೋನನಿಗೆ ಹೇಳುತ್ತಾನೆ. ಇದನ್ನು ಪ್ರಸಂಗಗಳಲ್ಲಿ ತುಂಬಾ ಎತ್ತರಕ್ಕೆ ಏರಿಸುತ್ತಾರೆ. ನನಗೇನೋ ಇದರಲ್ಲಿ ಮೊದಲು ಕಾಣುವುದು ಹೊಟ್ಟೆಪಾಡು: ಹೊಲ ಇಲ್ಲದವನಿಗೆ ಕಾಣಿಕೆಯೇ ಸುಗ್ಗಿ. ಧರ್ಮೋಪದೇಶಕಾಂಡ ಲೇವಿಯನನ್ನು ಪರದೇಶಿ, ತಬ್ಬಲಿ, ವಿಧವೆಯರ ಸಾಲಿನಲ್ಲೇ ಕೂರಿಸಿ ಊಟಕ್ಕೆ ಕರೆಯಿರಿ ಅನ್ನುತ್ತದೆ. ದೇವರನ್ನೇ ಪಾಲಾಗಿ ಪಡೆದವನು ಅನ್ನಕ್ಕೆ ನೆರೆಯವನ ಮನೆ ಬಾಗಿಲು ನೋಡಬೇಕಿತ್ತು.

ಕೊನೆಗೆ ಐದು ಹೆಣ್ಣುಮಕ್ಕಳ ವಿಷಯ.

ಅರಣ್ಯಕಾಂಡ 27. ಮನಸ್ಸೆ ಕುಲದ ಚಲ್ಪಹಾದ ಅಡವಿಯಲ್ಲಿ ಸತ್ತ. ಗಂಡುಮಕ್ಕಳಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಅಂತ ಐವರು ಹೆಣ್ಣುಮಕ್ಕಳು. ಅವರು ದೇವರ ಗುಡಾರದ ಬಾಗಿಲಿಗೆ ಬಂದು ಇಸ್ರಾಯೇಲರ ನಾಯಕ ಮೋಶೆಯ ಮುಂದೆ, ಯಾಜಕನ ಮುಂದೆ, ಊರ ಹಿರಿಯರೆಲ್ಲರ ಮುಂದೆ ನಿಲ್ಲುತ್ತಾರೆ. ಗಂಡುಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು? ಅಪ್ಪನ ಅಣ್ಣತಮ್ಮಂದಿರ ನಡುವೆ ನಮಗೂ ಹಿಡುವಳಿ ಕೊಡಿ. ಮೋಶೆಗೆ ಉತ್ತರ ಗೊತ್ತಿಲ್ಲ. ದೇವರ ಹತ್ತಿರ ಹೋಗಿ ಕೇಳುತ್ತಾನೆ. ದೇವರ ಮೊದಲ ಮಾತು ‘ಕೇನ್’. ಇವತ್ತಿನ ಹೀಬ್ರೂವಿನಲ್ಲಿ ಅದಕ್ಕೆ ‘ಹೌದು’ ಅಂತ ಅರ್ಥ. ಅಲ್ಲಿ ‘ಸರಿಯಾಗಿ ಹೇಳಿದರು’ ಅಂತ. ಹೆಣ್ಣುಮಕ್ಕಳು ಕೇಳಿದ್ದು ಬರೀ ‘ಅಹುಜ್ಜಾ’, ಹಿಡುವಳಿ. ದೇವರು ಕೊಡು ಅನ್ನುವಾಗ ಅದಕ್ಕೆ ಒಂದು ಪದ ಸೇರಿಸುತ್ತಾನೆ: ನಹಲಾದ ಹಿಡುವಳಿ.

ಕತೆ ಅಲ್ಲಿಗೇ ನಿಲ್ಲುವುದಿಲ್ಲ. 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ತಕರಾರು ತೆಗೆಯುತ್ತಾರೆ. ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನೆಲವೂ ಹೋಗುತ್ತದಲ್ಲ? ಹಾಗಾಗಿ ತಮ್ಮ ಕುಲದೊಳಗೇ ಮದುವೆಯಾಗಬೇಕು ಅಂತ ತೀರ್ಮಾನ. ಐವರೂ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳನ್ನೇ ಮದುವೆಯಾದರು. ಗೆಲುವಿಗೆ ಒಂದು ಗಂಟು ಹಾಕಿಯೇ ಬಿಟ್ಟರು. ಅಷ್ಟಾದರೂ ಸಿಕ್ಕಿತಲ್ಲ ಅಂತೀರಾ? ಸಾವಿರಾರು ವರ್ಷ ಆದ ಮೇಲೆ, ಈ ಅಧ್ಯಾಯವನ್ನು ಓದಿಕೊಂಡೇ ಬಂದ ತಿರುವಾಂಕೂರಿನ (ಈಗಿನ ದಕ್ಷಿಣ ಕೇರಳದ) ಕ್ರೈಸ್ತರಿಗೆ ಒಂದು ಕಾನೂನಿತ್ತು, 1916ರದು. ವಿಲ್ ಬರೆಯದೆ ಅಪ್ಪ ಸತ್ತರೆ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಮ್ಮಿಯೋ ಅದು. ಆ ಸಮುದಾಯದವರೇ ಆದ ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದ ಮೇಲೆಯೇ ಅದು ನಿಂತದ್ದು.

ಐವರು ಹೆಣ್ಣುಮಕ್ಕಳ ಕತೆಗೆ ಇನ್ನೊಂದು ತುದಿ ಇದೆ. ಅದು ಬೈಬಲ್ಲಿನಲ್ಲಿ ಇಲ್ಲ, ಮಣ್ಣಿನಲ್ಲಿ ಸಿಕ್ಕಿತು.

ಒಮ್ರಿ ಬೆಳ್ಳಿ ಕೊಟ್ಟು ಕೊಂಡ ಸಮಾರ್ಯದ ಗುಡ್ಡವನ್ನು 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಅಗೆದರು. ಅರಮನೆಯ ಆವರಣದಲ್ಲಿ ಮಡಕೆ ಚೂರುಗಳು ಸಿಕ್ಕವು. ಅವುಗಳ ಮೇಲೆ ಮಸಿಯಲ್ಲಿ ಬರೆದ ಅಕ್ಷರ. ಕ್ರಿಸ್ತಪೂರ್ವ 8ನೇ ಶತಮಾನದ್ದು, ಅಹಾಬ ಸತ್ತು ಎರಡು-ಮೂರು ತಲೆಮಾರು ಕಳೆದ ಮೇಲಿನದ್ದು. ಓದಿ ನೋಡಿದರೆ ಬರೀ ಲೆಕ್ಕದ ಚೀಟಿಗಳು. ಇಷ್ಟನೇ ವರ್ಷ, ಇಂಥ ಕಡೆಯಿಂದ, ಇಂಥವರಿಗೆ, ಒಂದು ಗಡಿಗೆ ಹಳೆ ದ್ರಾಕ್ಷಾರಸ. ಅಥವಾ ಒಂದು ಗಡಿಗೆ ಎಣ್ಣೆ. ‘ಇಂಥ ಕಡೆ’ ಅನ್ನುವಲ್ಲಿ ಬರುವುದು ಮನಸ್ಸೆ ಕುಲದ ಮನೆತನಗಳ ಹೆಸರು, ಅವರ ನಹಲಾಗಳ ಹೆಸರು. ಅಬೀಯೆಜೆರ್, ಹೇಲೆಕ್, ಶೆಕೆಮ್, ಶೆಮೀದ. ಎಲ್ಲ ಗಂಡಸರ ಹೆಸರೇ. ಅವುಗಳ ನಡುವೆ ಎರಡು ಹೆಸರು ಬೇರೆ ಥರ ಇವೆ. ಒಂದು ನೋವಾ. ಇನ್ನೊಂದು ಹೊಗ್ಲಾ.

ಅಪ್ಪನ ಹೆಸರು ಅಳಿಯಬಾರದು ಅಂತ ಅವರು ನೆಲ ಕೇಳಿದ್ದು. ಆ ಚೂರುಗಳಲ್ಲಿ ಚಲ್ಪಹಾದನ ಹೆಸರು ಎಲ್ಲೂ ಇಲ್ಲ. ಹೊಗ್ಲಾದಿಂದ ಮಾತ್ರ ಸರಕು ಬರುತ್ತಲೇ ಇತ್ತು.